ಹಳೆಯ ಕಾಗದದ ಕೊಲಾಜ್: ಕತ್ತರಿ ಹಿಡಿಯುವ ಮೊದಲು ಕಾಗದ ಓದಿ

1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಫ್ರಾನ್ಸಿನಲ್ಲಿ ಸುದ್ದಿಪತ್ರಿಕೆ, ಗೋಡೆಗೆ ಹಚ್ಚುವ ಕಾಗದಗಳ ತುಣುಕುಗಳನ್ನು ಚಿತ್ರದೊಳಕ್ಕೆ ಅಂಟಿಸಿದರು. ಅವರು ಅಂಟಿಸಿದಾಗ ಮಾಸಲು ಬಿಳಿಯಾಗಿದ್ದ ಪತ್ರಿಕೆಯ ತುಣುಕುಗಳು ಇಂದು ಕಂದು ಬಣ್ಣಕ್ಕೆ ತಿರುಗಿವೆ. ಅದಕ್ಕೂ ಸುಮಾರು 140 ವರ್ಷ ಮೊದಲು, ಇಂಗ್ಲೆಂಡಿನಲ್ಲಿ ಮೇರಿ ಡಿಲೇನಿ ಎಂಬಾಕೆ ತಮ್ಮ 72ನೆಯ ವಯಸ್ಸಿನಲ್ಲಿ ಬಣ್ಣದ ಕಾಗದದ ಸಣ್ಣ ಸಣ್ಣ ಚೂರುಗಳಿಂದ ಹೂಗಿಡಗಳನ್ನು ಮೂಡಿಸಲು ಶುರು ಮಾಡಿ, ಹತ್ತಿರ ಹತ್ತಿರ ಒಂದು ಸಾವಿರ ಹಾಳೆ ಮುಗಿಸಿದರು. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಕಾಗದ ಇನ್ನೂ ಗಟ್ಟಿಯಾಗಿದೆ. ಹೊಸದು ಹಾಳಾಗಿ ಹಳೆಯದು ಉಳಿದದ್ದು ಹೇಗೆ ಎಂದರೆ, ಉತ್ತರ ಕಾಗದದ ಹುಟ್ಟಿನಲ್ಲಿದೆ. ಹಳೆಯ ಪುಸ್ತಕದ ಚಿತ್ರ, ಲೆಕ್ಕದ ಹಾಳೆ, ಪಂಚಾಂಗ, ಲೇಬಲ್ಲುಗಳಿಂದ ಕೊಲಾಜ್ ಮಾಡುವವರು ಮೊದಲು ಕಲಿಯಬೇಕಾದ ವಿದ್ಯೆ ಕತ್ತರಿಸುವುದಲ್ಲ, ಕಾಗದವನ್ನು ಗುರುತಿಸುವುದು.

ಡಿಲೇನಿಯವರ ಕಾಲದಲ್ಲಿ ಯೂರೋಪಿನ ಕಾಗದವೆಲ್ಲ ಹಳೆಯ ಬಟ್ಟೆಯ ಚಿಂದಿಯಿಂದ ತಯಾರಾಗುತ್ತಿತ್ತು. ಹತ್ತಿ, ಅಗಸೆನಾರುಗಳ ಎಳೆ ಉದ್ದ, ಅದರಲ್ಲಿ ಹೆಚ್ಚೂಕಡಿಮೆ ಬರೀ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಮೂಲವಸ್ತು. 1840ರ ದಶಕದಲ್ಲಿ ಮರವನ್ನು ಕಲ್ಲಿಗೆ ಉಜ್ಜಿ ತಿರುಳು ತೆಗೆಯುವ ವಿಧಾನ ಬಂತು. ಈ ಅಗ್ಗದ ತಿರುಳಿನಲ್ಲಿ ಮರದ ಎಳೆಗಳನ್ನು ಬೆಸೆಯುವ ಲಿಗ್ನಿನ್ ಎಂಬ ವಸ್ತು ಹಾಗೇ ಉಳಿದುಬಿಡುತ್ತದೆ. ಬೆಳಕು, ಗಾಳಿ ತಗುಲಿದರೆ ಲಿಗ್ನಿನ್ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಇದು ಸಾಲದೆಂಬಂತೆ, ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುತ್ತಿದ್ದರು. ಪಟಿಕದಿಂದ ಹುಟ್ಟುವ ಆಮ್ಲ ಸೆಲ್ಯುಲೋಸಿನ ಉದ್ದ ಸರಪಳಿಯನ್ನು ವರ್ಷ ವರ್ಷವೂ ತುಂಡರಿಸುತ್ತ ಹೋಗುತ್ತದೆ. ಬಣ್ಣ ಕೆಡುವುದು ಲಿಗ್ನಿನ್‌ನಿಂದ, ಹಾಳೆ ಪುಡಿಯಾಗುವುದು ಆಮ್ಲದಿಂದ. ಇವೆರಡು ಬೇರೆ ಬೇರೆ ರೋಗ ಎಂಬುದು ನೆನಪಿರಲಿ. ಮುಟ್ಟಿದರೆ ಮುರಿಯುವ ಹಾಳೆ ನೋಡಲು ಅಷ್ಟೇನೂ ಹಳದಿಯಾಗಿರದೆ ಇರಬಹುದು.

ನಮ್ಮಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಈ ಎಲ್ಲ ಬಗೆಯೂ ಇವೆ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಬಿದಿರನ್ನು ರಾಸಾಯನಿಕದಲ್ಲಿ ಬೇಯಿಸಿ ಮಾಡಿದ ಕಾಗದದಲ್ಲಿ ಲಿಗ್ನಿನ್ ಕಡಿಮೆ, ಹಾಗಾಗಿ ಅದು ಬಣ್ಣವನ್ನು ತಕ್ಕಮಟ್ಟಿಗೆ ಉಳಿಸಿಕೊಳ್ಳುತ್ತದೆ, ಆಮ್ಲದ ಕಾಟ ಮಾತ್ರ ತಪ್ಪಿದ್ದಲ್ಲ. ವಾರಪತ್ರಿಕೆ, ಅಗ್ಗದ ಪಠ್ಯಪುಸ್ತಕಗಳ ನ್ಯೂಸ್‌ಪ್ರಿಂಟ್‌ಗೆ ಎರಡೂ ರೋಗ. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ವ್ಯಾಪಾರಿ ಲೆಕ್ಕದ ಪುಸ್ತಕಗಳ ಹಾಳೆ ಸಾಮಾನ್ಯವಾಗಿ ಇವೆಲ್ಲಕ್ಕಿಂತ ಬಾಳಿಕೆಯದ್ದು. ಅವುಗಳಲ್ಲಿ ಗೆರೆ ಎಳೆದಿರುವುದಿಲ್ಲ, ಹಾಳೆಯನ್ನು ಉದ್ದಕ್ಕೆ ಮಡಿಸಿ, ಆ ಮಡಿಕೆಯನ್ನೇ ಕಾಲಮ್ಮಿನ ಗೆರೆಯಾಗಿ ಬಳಸಿರುತ್ತಾರೆ. ಕೊಲಾಜಿನ ಹಿನ್ನೆಲೆಗೆ ಈ ಮಡಿಕೆಗಳು ಬಹಳ ಚೆಂದ. ಆದರೆ ಹಾಳೆ ಒದ್ದೆಯಾದ ಕೂಡಲೇ ಅವು ಮಾಯವಾಗುತ್ತವೆ. ಉಳಿಯಬೇಕೆಂದರೆ ಅಂಟನ್ನು ಅಂಚಿಗೆ ಮಾತ್ರ ಹಚ್ಚಬೇಕು.

ಪರೀಕ್ಷೆಗೆ ಹೆಚ್ಚು ಸಲಕರಣೆ ಬೇಡ. ಚಿತ್ರವಿಲ್ಲದ ಪುಟದ ಮೂಲೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಪೂರ್ತಿ ಮಡಿಸಿ. ಎರಡು ಮೂರು ಸುತ್ತಿನಲ್ಲೇ ಮೂಲೆ ಕಿತ್ತು ಬಂದರೆ ಆ ಕಾಗದವನ್ನು ಮೂಲರೂಪದಲ್ಲಿ ಬಳಸುವ ಆಸೆ ಬಿಡಿ, ಅದನ್ನು ಸ್ಕ್ಯಾನ್ ಮಾಡುವುದೇ ದಾರಿ. ಆಮೇಲೆ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಅದು ಅಂಟನ್ನೂ ಹಾಗೆಯೇ ಕುಡಿಯುತ್ತದೆ, ಹಿಂಬದಿಯ ಅಕ್ಷರ ಮುಂದೆ ಕಾಣುತ್ತದೆ. ಶಾಯಿಯ ಪರೀಕ್ಷೆಗೆ ಒದ್ದೆ ಹತ್ತಿಯನ್ನು ಅಕ್ಷರದ ಮೇಲೆ ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಮುದ್ರಣದ ಕಪ್ಪು ಶಾಯಿ ಎಣ್ಣೆಯದ್ದು, ಅದು ಕದಲುವುದಿಲ್ಲ. ಫೌಂಟನ್ ಪೆನ್ನಿನ ನೀಲಿ, ರಬ್ಬರ್ ಮೊಹರಿನ ನೇರಳೆ ಮಾತ್ರ ಹರಿದುಬಿಡುತ್ತವೆ. ಹಳೆಯ ರಶೀದಿಗಳ ಮೇಲೆ ಸಾಮಾನ್ಯ ಸೀಸದಕಡ್ಡಿಯ ಬರಹದಂತೆ ಬೂದು ಬಣ್ಣದಲ್ಲಿ ಕಾಣುವುದು ಕಾಪಿಯಿಂಗ್ ಪೆನ್ಸಿಲ್ ಆಗಿರಬಹುದು. ನೀರು ಬಿದ್ದರೆ ಅದು ಕಡು ನೇರಳೆಯಾಗಿ ಸುತ್ತಲೂ ಹರಡುತ್ತದೆ, ಆಮೇಲೆ ಏನು ಮಾಡಿದರೂ ಹೋಗದು.

ಚಿತ್ರ ಅಚ್ಚಾದ ಬಗೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಇದ್ದರೆ ಸಾಕು. ಮರದ ಪಡಿಯಚ್ಚು ಮತ್ತು ಲೈನ್ ಬ್ಲಾಕಿನ (ಗೆರೆಚಿತ್ರವನ್ನು ಉಬ್ಬಾಗಿ ಮೂಡಿಸಿದ ಲೋಹದ ಅಚ್ಚು) ಚಿತ್ರದಲ್ಲಿ ಗೆರೆ ಗಟ್ಟಿ ಕಪ್ಪು, ನಡುವೆ ಬೂದು ಇಲ್ಲ. ಗೆರೆಯ ಅಂಚಿನಲ್ಲಿ ಶಾಯಿ ಸ್ವಲ್ಪ ಹೊರಗೆ ಜಾರಿ ನಿಂತಿರುತ್ತದೆ, ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಹಾಫ್‌ಟೋನ್ ಬ್ಲಾಕಿನಲ್ಲಿ, ಅಂದರೆ ಫೋಟೋದ ನೆರಳು-ಬೆಳಕನ್ನು ಚುಕ್ಕೆಗಳಾಗಿ ಒಡೆದ ಅಚ್ಚಿನಲ್ಲಿ, ಸಾಲು ಹಿಡಿದ ಚುಕ್ಕೆಗಳು. ಆಫ್‌ಸೆಟ್ ಬಣ್ಣದ ಕ್ಯಾಲೆಂಡರಿನಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಸೇರಿ ಪುಟ್ಟ ಪುಟ್ಟ ಹೂವಿನ ಆಕಾರ. ಕಲ್ಲಚ್ಚಿನ (ಲಿಥೋಗ್ರಾಫ್) ಬಣ್ಣದ ಚಿತ್ರದಲ್ಲಿ ಚುಕ್ಕೆಗಳಿಗೆ ಸಾಲಿಲ್ಲ, ಮರಳು ಚೆಲ್ಲಿದಂತಿರುತ್ತವೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಕೆಲಸ ಆರಂಭಿಸಿದ್ದು ಕಲ್ಲಚ್ಚಿನಲ್ಲೇ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ದೇವರ ಚಿತ್ರಗಳೂ ಕಲ್ಲಚ್ಚಿನವು. ದಕ್ಷಿಣ ಭಾರತದ ಮನೆಗಳಲ್ಲಿ ಆ ಚಿತ್ರಗಳ ಸೀರೆ, ಒಡವೆಗಳ ಮೇಲೆ ಬಟ್ಟೆ, ಜರಿ, ಚಮಕಿ ಅಂಟಿಸಿ ಕಟ್ಟು ಹಾಕಿಸುವ ರೂಢಿಯಿತ್ತು. ಮುದ್ರಿತ ಚಿತ್ರದ ಮೇಲೆ ಇನ್ನೊಂದನ್ನು ಅಂಟಿಸಿ ಹೊಸದು ಮಾಡುವ ಕೆಲಸವನ್ನು ನಮ್ಮ ಹೆಂಗಸರು ಯಾವ ಹೆಸರೂ ಇಡದೆ ಮಾಡುತ್ತಿದ್ದರು.

ಇದನ್ನೆಲ್ಲ ಗುರುತಿಸಬೇಕಾದದ್ದು ಏಕೆಂದರೆ, ಬೇರೆ ಬೇರೆ ಅಚ್ಚಿನ ತುಣುಕುಗಳು ಪಕ್ಕದಲ್ಲಿ ಕೂತರೆ ಕಣ್ಣು ಒಪ್ಪುವುದಿಲ್ಲ. ಜರ್ಮನ್ ಮೂಲದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1934ರಲ್ಲಿ ಐದು ಕಿರುಹೊತ್ತಿಗೆಗಳಾಗಿ ಹೊರತಂದ 182 ಚಿತ್ರಗಳ ಕೊಲಾಜ್ ಕಾದಂಬರಿಯಲ್ಲಿ ಹಕ್ಕಿಯ ತಲೆ ಮನುಷ್ಯನ ಹೆಗಲ ಮೇಲೆ ಸಹಜವೆಂಬಂತೆ ಕೂರುತ್ತದೆ. ಅವನು ಆರಿಸಿದ್ದು 19ನೆಯ ಶತಮಾನದ ಕೆತ್ತನೆಯ ಚಿತ್ರಗಳನ್ನು, ಹಾಗಾಗಿ ಎಲ್ಲ ತುಣುಕುಗಳೂ ಒಂದೇ ಗೆರೆಯ ಭಾಷೆ ಆಡುತ್ತವೆ. ಜೊತೆಗೆ ಅವನ್ನು ಫೋಟೋ ತೆಗೆದು ಮತ್ತೆ ಬ್ಲಾಕ್ ಮಾಡಿ ಅಚ್ಚು ಹಾಕಿದ್ದರಿಂದ ಜೋಡಣೆಯ ಗೆರೆ ಅಳಿಸಿಹೋಯಿತು. ನಿಮ್ಮ ಕೊಲಾಜ್ ಕೊನೆಗೆ ಪೋಸ್ಟರ್ ಅಥವಾ ಪುಸ್ತಕದ ಮುಖಪುಟ ಆಗುವುದಿದ್ದರೆ ಈ ಅನುಕೂಲ ನಿಮಗೂ ಇದೆ. ಮೂಲವನ್ನೇ ಗೋಡೆಗೆ ಹಾಕುವುದಾದರೆ ಅಂಚಿನ ಕೆಲಸ ನಿಷ್ಠುರವಾಗಿರಬೇಕು.

ಒಂದು ಜೋಡಣೆಯನ್ನೇ ನೋಡೋಣ. ಕೃಷಿ ಪಠ್ಯವೊಂದರ ಎತ್ತಿನ ತಲೆಯನ್ನು ಶಾಲು ಹೊದ್ದ ಗಂಡಸಿನ ಮೈಗೆ ಕೂರಿಸಬೇಕಿದೆ ಎಂದುಕೊಳ್ಳಿ. ಕೊರಳಿನ ಮಧ್ಯೆ ಕತ್ತರಿಸಿದರೆ ಎರಡೂ ಕಡೆಯ ಗೆರೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಶಾಲಿನ ಅಂಚಿನಲ್ಲಿ ಕಲಾವಿದ ಆಗಲೇ ಒಂದು ದಪ್ಪ ಕಪ್ಪು ಗೆರೆ ಕೊರೆದಿದ್ದಾನೆ, ಶಾಲನ್ನು ಅದೇ ಗೆರೆಯ ಮೇಲೆ ಕೊರೆದು, ಎತ್ತಿನ ಕತ್ತನ್ನು ಆ ಅಂಚಿನ ಕೆಳಗೆ 3 ಮಿಲಿಮೀಟರ್ ತೂರಿಸಿ. ಪೇಟ, ಕೊರಳಪಟ್ಟಿ, ಎಲೆಯ ಅಂಚು, ಬಾಗಿಲ ಚೌಕಟ್ಟು ಎಲ್ಲವೂ ಹೀಗೆಯೇ ಸಿದ್ಧ ಜಾಗಗಳು. ಬೆಳಕು ಎರಡೂ ತುಣುಕಿಗೆ ಒಂದೇ ಕಡೆಯಿಂದ ಬೀಳುತ್ತಿರಬೇಕು. ಒಂದರಲ್ಲಿ ಎಡದಿಂದ, ಇನ್ನೊಂದರಲ್ಲಿ ಬಲದಿಂದ ಬಿದ್ದಿದ್ದರೆ ಎಷ್ಟು ನಾಜೂಕಾಗಿ ಕತ್ತರಿಸಿದರೂ ತಲೆ ಬೇರೆ, ಮೈ ಬೇರೆ. ಕೊನೆಗೆ ನೆರಳಿನ ಜಾಗದಲ್ಲಿ ಒಂದು ಸೆಂಟಿಮೀಟರಿಗೆ ಎಷ್ಟು ಗೆರೆ ಇವೆ ಎಂದು ಎಣಿಸಿ. ಒಂದರಲ್ಲಿ 12, ಮತ್ತೊಂದರಲ್ಲಿ 25 ಇದ್ದರೆ ಆ ಜೋಡಿ ಬೇಡ.

ಯಾವುದನ್ನು ಕತ್ತರಿಸಬಾರದು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲಿ ಊರಿನ ಗುಜರಿಯಲ್ಲಾಗಲಿ ಪುಸ್ತಕ ಸಿಕ್ಕ ಮಾತ್ರಕ್ಕೆ ಅದು ಕತ್ತರಿಗೆ ಬಂದದ್ದಲ್ಲ. ಕನ್ನಡದ ಎಷ್ಟೋ ಪುಸ್ತಕಗಳು ಐನೂರು, ಸಾವಿರ ಪ್ರತಿ ಅಚ್ಚಾಗಿ ಮುಗಿದವು, ಮರುಮುದ್ರಣ ಕಾಣಲೇ ಇಲ್ಲ. ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ಹೆಸರು ಹುಡುಕಿ. ಅಲ್ಲಿಲ್ಲದಿದ್ದರೆ, ಪುಸ್ತಕ ಇಡಿಯಾಗಿದ್ದರೆ, ಗ್ರಂಥಾಲಯಕ್ಕೋ ಸ್ಕ್ಯಾನ್ ಮಾಡುವವರಿಗೋ ಕೊಡಿ. ಗೆದ್ದಲು ತಿಂದದ್ದು, ಪುಟ ಕಳೆದದ್ದು, ಲಕ್ಷಗಟ್ಟಲೆ ಅಚ್ಚಾದ ಪಠ್ಯ, ಹಳೆಯ ಪಂಚಾಂಗ, ಬೆಂಕಿಪೊಟ್ಟಣದ ಲೇಬಲ್, ಊದುಬತ್ತಿಯ ಹೊದಿಕೆ ಇವು ನಮ್ಮ ಕೆಲಸಕ್ಕೆ ಸರಿಯಾದ ಸರಕು. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ, ಅಂದರೆ ಕಡತ, ಕೈಗೆ ಬಂದರೆ ಅದಕ್ಕೆ ಕತ್ತರಿ ತಾಗಿಸಬೇಡಿ. ಅದರಲ್ಲಿ ಒಂದು ಊರಿನ ಅಥವಾ ಮನೆತನದ ಲೆಕ್ಕ ಇರಬಹುದು. ಛಾಪಾ ಕಾಗದ, ಜಮೀನಿನ ಪತ್ರ, ಖಾಸಗಿ ಕಾಗದಗಳಲ್ಲಿ ಹೆಸರು, ವಿಳಾಸ ಓದುವಂತಿದ್ದರೆ ಆ ಭಾಗ ಚಿತ್ರದಲ್ಲಿ ಕಾಣಬಾರದು.

ಕಾಪಿರೈಟ್ ಬಗ್ಗೆಯೂ ತಿಳಿದಿರಬೇಕು. ಭಾರತದಲ್ಲಿ ಪುಸ್ತಕ, ಚಿತ್ರಗಳ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಎಣಿಕೆ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. 1960ರಲ್ಲಿ ತೀರಿಕೊಂಡವರ ಕೃತಿ 2021ರ ಜನವರಿ 1ಕ್ಕೆ ಮುಕ್ತವಾಯಿತು. ಇಲ್ಲಿ ಬಹಳ ಜನ ಎಡವುವುದು ಎಲ್ಲೆಂದರೆ, ಕವಿ ತೀರಿಕೊಂಡ ವರ್ಷವನ್ನು ನೋಡಿ, ಅದೇ ಪುಸ್ತಕಕ್ಕೆ ಚಿತ್ರ ಬರೆದವರ ವರ್ಷವನ್ನು ಮರೆಯುತ್ತಾರೆ. ನಮಗೆ ಬೇಕಾದದ್ದು ಚಿತ್ರಕಾರರ ವರ್ಷ.

ಮನೆಗೆ ತಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲವಾದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ. ಬೂಷ್ಟು ಹಿಡಿದದ್ದನ್ನು ಮುಖಕ್ಕೆ ಮಾಸ್ಕ್ ಹಾಕಿ, ಹೊರಗೆ, ಒಣ ಬ್ರಷ್ಷಿನಿಂದ ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಕಾಗದದ ಒಳಕ್ಕಿಳಿಯುತ್ತದೆ.

ಕತ್ತರಿಸುವುದಕ್ಕೆ 3ನೆಯ ನಂಬರಿನ ಹಿಡಿ, 11ನೆಯ ನಂಬರಿನ ಬ್ಲೇಡ್ ಹಾಕಿದ ಸರ್ಜಿಕಲ್ ಚಾಕು ಒಳ್ಳೆಯದು. ಔಷಧ ಅಂಗಡಿಯಲ್ಲೇ ಕೇಳಿ ನೋಡಬಹುದು. ಹಳೆಯ ಕಾಗದ ಬ್ಲೇಡಿನ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ. ಮೊನೆ ಹೋದ ಬ್ಲೇಡ್ ಕತ್ತರಿಸದೆ ಎಳೆಯುತ್ತದೆ, ಅಂಚಿನಲ್ಲಿ ನಾರು ಏಳುತ್ತದೆ. ಅದು ಕಂಡ ತಕ್ಷಣ ಬದಲಿಸಿ. ಒಳಗಿನ ಕಿಂಡಿಗಳನ್ನು, ಅಂದರೆ ತೋಳು ಮತ್ತು ಸೊಂಟದ ನಡುವಿನ ಜಾಗದಂಥವನ್ನು, ಮೊದಲು ಕೊರೆದು ಹೊರಗಿನ ಸುತ್ತನ್ನು ಕೊನೆಗೆ ಕತ್ತರಿಸಿ. ಹೊರಗಿನದು ಮೊದಲಾದರೆ ತುಣುಕಿಗೆ ಹಿಡಿತ ಇರುವುದಿಲ್ಲ. ತಿರುವು ಬಂದಾಗ ಚಾಕುವನ್ನಲ್ಲ, ಕಾಗದವನ್ನು ತಿರುಗಿಸಿ. ಬ್ಲೇಡನ್ನು ನೆಟ್ಟಗೆ ಹಿಡಿಯದೆ, ಮೊನೆ ಚಿತ್ರದ ಅಡಿಗೆ ಹೋಗುವಂತೆ ಹಿಡಿಯನ್ನು ಚಿತ್ರದಿಂದ ಹೊರಕ್ಕೆ ತುಸು ವಾಲಿಸಿದರೆ ಅಂಚು ಒಳಮುಖವಾಗಿ ಇಳಿಜಾರಾಗುತ್ತದೆ, ಕಾಗದದ ಬಿಳಿಯ ದಪ್ಪ ಮೇಲಿನಿಂದ ಕಾಣುವುದಿಲ್ಲ. ಆದರೂ ಬಿಳಿ ಇಣುಕಿದರೆ ಮೆತ್ತನೆಯ ಪೆನ್ಸಿಲ್ಲನ್ನು ಹಿಂಬದಿಯಿಂದ ಅಂಚಿಗೆ ಸವರಿ. ದಪ್ಪ ಕ್ಯಾಲೆಂಡರ್ ಕಾಗದವಾದರೆ ಅಂಚಿನ ಹಿಂಬದಿಯನ್ನು 400ನೆಯ ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಳುವಾಗಿಸಬಹುದು.

ಅಂಟು

ಕೆಲಸ ಹಾಳಾಗುವುದು ಬಹುಪಾಲು ಇಲ್ಲಿಯೇ. ರಬ್ಬರ್ ಸಲ್ಯೂಷನ್ ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಮುಂದಕ್ಕೆ ಬರುತ್ತದೆ, ಸೆಲ್ಲೋಟೇಪಿನದೂ ಅದೇ ಕಥೆ. ಗೋಂದು ಒಣಗಿದರೆ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಮತ್ತೆ ಜಿಗುಟಾಗುತ್ತದೆ. ಬಡಗಿಗಳು ಬಳಸುವ ಬಿಳಿ ಅಂಟು ಹಿಡಿತದಲ್ಲಿ ಗಟ್ಟಿ, ಆದರೆ ಒಮ್ಮೆ ಒಣಗಿದರೆ ಬಿಡಿಸಲಾಗದು. ತುಣುಕು ಒಂದು ಮಿಲಿಮೀಟರ್ ಆಚೀಚೆ ಕೂತರೂ ಅಲ್ಲಿಗೆ ಮುಗಿಯಿತು.

ನಮ್ಮ ಬೈಂಡರುಗಳು ಬಳಸುವ ಮೈದಾ ಸರಿ, ಅಂದರೆ ಹಿಟ್ಟನ್ನು ಬೇಯಿಸಿ ಮಾಡಿದ ಅಂಟು, ಒಳ್ಳೆಯ ದಾರಿಯೇ, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಹಾಕುವ ಪದ್ಧತಿ ಇದೆ. ಅದು ವಿಷ, ಜೊತೆಗೆ ಅದರ ತಾಮ್ರ ಮತ್ತು ಆಮ್ಲ ಎರಡೂ ಕಾಗದವನ್ನು ತಿನ್ನುತ್ತವೆ. ಮೈಲುತುತ್ತ ಬೇಡವೇ ಬೇಡ. ಎರಡನೆಯದು ಮೈದಾದಲ್ಲಿರುವ ಗ್ಲೂಟೆನ್. ಹುಳುವನ್ನು ಕರೆಯುವುದು ಅದು, ಹಳದಿಯಾಗುವುದೂ ಅದು. ಅದನ್ನು ತೆಗೆಯುವುದು ಗೋಧಿ ಹಾಲಿನ ಹಲ್ವಾ ಮಾಡಿದವರಿಗೆ ಹೊಸದೇನಲ್ಲ. ಮೈದಾವನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಅದೇ ನೀರಿನಲ್ಲಿ ಹಿಸುಕುತ್ತ ಹೋದರೆ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ, ನೀರು ಹಾಲಾಗುತ್ತದೆ. ಮುದ್ದೆ ಎಸೆದು, ಹಾಲನ್ನು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿದರೆ ಅಡಿಯಲ್ಲಿ ಕೂತಿರುವುದು ಶುದ್ಧ ಪಿಷ್ಟ. ಒಣಗಿಸಿ ಡಬ್ಬಿಯಲ್ಲಿಡಿ.

ಎರಡು ದೊಡ್ಡ ಚಮಚ ಪಿಷ್ಟಕ್ಕೆ ಹತ್ತು ಚಮಚ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ 15ರಿಂದ 20 ನಿಮಿಷ ತಿರುವಬೇಕು. ಬಿಳಿ ಹೋಗಿ ಅರೆಪಾರದರ್ಶಕವಾದ ಮೇಲೂ ಕೆಲವು ನಿಮಿಷ ಬೇಯಲಿ. ಅರೆಬೆಂದ ಸರಿ ಒಣಗಿದ ಮೇಲೆ ಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ಪೂರ್ತಿ ಆರಿದ ನಂತರ ಮಲ್ ಬಟ್ಟೆಯಲ್ಲಿ ಎರಡು ಸಲ ಒತ್ತಿ ಸೋಸಿ, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ನೀರುದೋಸೆ ಹಿಟ್ಟಿನ ಹದಕ್ಕೆ ತನ್ನಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ. ಅತಿ ತೆಳು ಹಾಳೆಗಳಿಗೆ ಇದರ ಬದಲು ಮಿಥೈಲ್ ಸೆಲ್ಯುಲೋಸ್ ಪುಡಿ ಒಳ್ಳೆಯದು. 100 ಮಿಲಿಲೀಟರ್ ನೀರಿಗೆ 3 ಗ್ರಾಂ. ಮೂರನೆಯ ಒಂದು ಪಾಲು ಬಿಸಿ ನೀರಿನಲ್ಲಿ ಪುಡಿಯನ್ನು ಕದಡಿ, ಉಳಿದದ್ದನ್ನು ತಣ್ಣೀರು ಹಾಕಬೇಕು. ಪುಡಿಯನ್ನು ನೇರವಾಗಿ ತಣ್ಣೀರಿಗೆ ಹಾಕಿದರೆ ಗಂಟುಕಟ್ಟುತ್ತದೆ. ಹಿಡಿತ ಕಡಿಮೆ, ಆದರೆ ಹುಳುವಿಗೆ ಬೇಡದ ಅಂಟು ಇದು, ನೀರು ಹಚ್ಚಿ ಯಾವಾಗ ಬೇಕಾದರೂ ಬಿಡಿಸಬಹುದು.

ಹೊಳಪಿನ ಆರ್ಟ್ ಪೇಪರಿನ ಚಿತ್ರಪುಟಕ್ಕೆ ಇವೆರಡೂ ಬೇಡ. ಅದರ ಹೊಳಪು ಜೇಡಿಮಣ್ಣಿನ ಲೇಪದಿಂದ ಬಂದದ್ದು. ಒದ್ದೆಯಾದರೆ ಲೇಪ ಕರಗಿ ಶಾಯಿಯ ಸಮೇತ ಬೆರಳಿಗೆ ಬರುತ್ತದೆ, ಪಕ್ಕದ ಹಾಳೆಗೆ ಕಚ್ಚಿಕೊಂಡರೆ ಬಿಡಿಸುವ ಉಪಾಯವೇ ಇಲ್ಲ. ಅಂಥದ್ದಕ್ಕೆ ಬಿಳಿ ಅಂಟನ್ನು ತೆಳ್ಳಗೆ ಅಡಿಹಾಳೆಗೆ ಹಚ್ಚಿ, ಒಂದು ನಿಮಿಷ ಬಿಟ್ಟು, ಜಿಗುಟಾದಾಗ ಚಿತ್ರವನ್ನು ಒಣಗಿದ್ದ ಹಾಗೆಯೇ ಅದರ ಮೇಲೆ ಕೂರಿಸಬೇಕು.

ನೀರು ಮಾಡುವ ಕೆಲಸ

ಕಾಗದದ ಎಳೆಗಳು ಒಂದು ದಿಕ್ಕಿಗೆ ಹೆಚ್ಚು ಮಲಗಿರುತ್ತವೆ. ಒದ್ದೆಯಾದಾಗ ಹಾಳೆ ಎಳೆಯ ಉದ್ದಕ್ಕೆ ಅಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ದಿಕ್ಕು ತಿಳಿಯಲು ಬಿಡಿ ತುಣುಕಿನ ಒಂದು ಬದಿಯನ್ನು ಒದ್ದೆ ಮಾಡಿ, ಅದು ಚಾಪೆಯಂತೆ ಸುರುಳಿಯಾಗುತ್ತದೆ, ಸುರುಳಿಯ ಉದ್ದವೇ ಎಳೆಯ ದಿಕ್ಕು. ಅಂಟು ಹಚ್ಚಿದ ಕೂಡಲೇ ತುಣುಕನ್ನು ಅಡಿಹಾಳೆಗೆ ಹಾಕಿದರೆ ಅದು ಹಿಗ್ಗುವ ಕೆಲಸ ಅಲ್ಲಿಯೇ ನಡೆದು, ಜಾಗ ಸಾಲದೆ ಗುಳ್ಳೆ ಏಳುತ್ತದೆ. ಗುಳ್ಳೆಗೆ ಕಾರಣ ಒಳಗೆ ಸಿಕ್ಕಿದ ಗಾಳಿ ಎಂದು ಒತ್ತಿ ಒತ್ತಿ ಕಾಗದ ಹರಿಯುವವರೇ ಹೆಚ್ಚು. ಅಂಟು ಸವರಿ ಒಂದರಿಂದ ಎರಡು ನಿಮಿಷ ಕಾದು, ಹಾಳೆ ಮೆತ್ತಗಾಗಿ ಮಲಗಿದ ಮೇಲೆ ಎತ್ತಿ ಕೂರಿಸಿದರೆ ಗುಳ್ಳೆ ಬರುವುದು ತೀರಾ ಅಪರೂಪ. ಬಿಸಿಲ ಬೇಗೆಯ ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್‌ನಲ್ಲಿ ಈ ಎರಡು ನಿಮಿಷದಲ್ಲಿ ಅಂಟೇ ಒಣಗಬಹುದು, ಅಲ್ಲಿ ಸರಿ ಇನ್ನಷ್ಟು ತೆಳುವಾಗಿರಲಿ. ಕರಾವಳಿಯ ಜುಲೈನಲ್ಲಿ ಪಿಷ್ಟದ ಅಂಟಿನ ಕೆಲಸ ಹಿಡಿಯದಿರುವುದೇ ಮೇಲು, ಒಣಗುವ ಮೊದಲೇ ಬೂಷ್ಟು ಬರುತ್ತದೆ.

ಕುಂಚವನ್ನು ನಡುವಿನಿಂದ ಅಂಚಿನ ಕಡೆಗೆ ಎಳೆಯಿರಿ. ಕೂರಿಸಿದ ಮೇಲೆ ಬಟರ್ ಪೇಪರ್ ಹೊದಿಸಿ, ಅದೇ ರೀತಿ ನಡುವಿನಿಂದ ಹೊರಕ್ಕೆ, ಉಕ್ಕಿನ ಚಮಚದ ಬೆನ್ನಿನಿಂದ ಉಜ್ಜಿ. ಒಣಗುವಾಗ ತುಣುಕು ಕುಗ್ಗಿ ಅಡಿಹಾಳೆಯನ್ನು ತನ್ನತ್ತ ಎಳೆಯುತ್ತದೆ, ರಟ್ಟು ಬಟ್ಟಲಿನಂತೆ ಬಾಗುವುದು ಇದಕ್ಕೇ. ಭಾರ ಹೇರಿದರೆ ಅದು ತಾತ್ಕಾಲಿಕವಾಗಿ ಸರಿಹೋಗುತ್ತದೆ, ಶಾಶ್ವತ ಮದ್ದು ರಟ್ಟಿನ ಹಿಂಬದಿಗೂ ಅಷ್ಟೇ ದಪ್ಪದ ಕಾಗದವನ್ನು, ಅದೇ ಅಂಟಿನಲ್ಲಿ, ಎಳೆಯ ದಿಕ್ಕು ಹೊಂದಿಸಿ ಅಂಟಿಸುವುದು. ಅಡಿಹಾಳೆಗೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಜಲವರ್ಣ ಕಾಗದ ಅಥವಾ ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ. ಅಂಗಡಿಯ ಬೂದು ರಟ್ಟಿನ ಆಮ್ಲ ಎರಡೂ ಕಡೆಗೆ ಹರಡುತ್ತದೆ. ಎಷ್ಟು ಒಳ್ಳೆಯ ಚಿತ್ರ ಅಂಟಿಸಿದರೂ ಅದು ಅಡಿಯಿಂದಲೇ ಕಂದಾಗುತ್ತ ಬರುತ್ತದೆ.

ತೆಳು ಹಾಳೆಯ ಹಿಂಬದಿಯ ಅಕ್ಷರಗಳು ಅಂಟು ತಾಗಿದಾಗ ಮುಂದಕ್ಕೆ ಕಾಣುತ್ತವೆ. ಪಿಷ್ಟವಾದರೆ ಒಣಗಿದ ಮೇಲೆ ಬಹುಪಾಲು ಹಿಂದೆ ಸರಿಯುತ್ತವೆ, ಅಕ್ರಿಲಿಕ್ ಮೀಡಿಯಂ (ಅಕ್ರಿಲಿಕ್ ಬಣ್ಣಕ್ಕೆ ಬೆರೆಸುವ ಪಾರದರ್ಶಕ ದ್ರವ) ಬಳಸಿದರೆ ಹಾಗೇ ನಿಂತುಬಿಡುತ್ತವೆ, ಏಕೆಂದರೆ ಅದು ಎಳೆಗಳ ನಡುವಿನ ಗಾಳಿಯ ಜಾಗವನ್ನು ತುಂಬಿ ಕಾಗದವನ್ನು ಎಣ್ಣೆ ಬಿದ್ದಂತೆ ಮಾಡುತ್ತದೆ. ಮೊದಲೇ ಹಿಂಬದಿಗೆ ತೆಳ್ಳನೆಯ ಬಿಳಿ ಹತ್ತಿ ಕಾಗದ ಹಚ್ಚಿ ಒಣಗಿಸಿ, ಆಮೇಲೆ ಕತ್ತರಿಸಿದರೆ ಈ ತೊಂದರೆ ಇಲ್ಲ. ಕುರುಕಲು ಹಾಳೆಗೂ ಇದು ಬೆನ್ನೆಲುಬಾಗುತ್ತದೆ.

ಸ್ಕ್ಯಾನ್ ಮಾಡುವಾಗ ಗೆರೆಯ ಚಿತ್ರಕ್ಕೆ 1200, ಬಣ್ಣದ ಚಿತ್ರಕ್ಕೆ 600 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ). ಹಾಫ್‌ಟೋನ್ ಚಿತ್ರ ಸ್ಕ್ಯಾನಿನಲ್ಲಿ ಅಲೆ ಅಲೆಯಾಗಿ ಬಂದರೆ ಡಿಸ್ಕ್ರೀನ್ ಆಯ್ಕೆ ಒತ್ತಿ. ಲೇಸರ್ ಪ್ರಿಂಟಿನ ಶಾಯಿ ನೀರಿಗೆ ಕದಲದು, ಅಗ್ಗದ ಇಂಕ್‌ಜೆಟ್ಟಿನದು ಸರಿ ತಾಗಿದೊಡನೆ ಹರಡುತ್ತದೆ.

ಅಂಟಿಸಿದ ಮೇಲೆ ಎರಡು ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು, ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಐದಾರು ಕೆಜಿ ಭಾರ. ಹದಿನೈದು ನಿಮಿಷಕ್ಕೆ, ಆಮೇಲೆ ಒಂದು ಗಂಟೆಗೆ ಬ್ಲಾಟಿಂಗ್ ಬದಲಿಸಿ ರಾತ್ರಿಯಿಡೀ ಬಿಡಿ. ಬದಲಿಸುವ ಸೋಮಾರಿತನ ಮಾಡಿದರೆ ತೇವ ಒಳಗೇ ಉಳಿದು ಮೂರನೆಯ ದಿನ ಬೂದು ಚುಕ್ಕೆಗಳು ಕಾಣಿಸುತ್ತವೆ. ವಾರ್ನಿಷ್ ಬೇಡ, ಅದು ಮುಂದೆ ಹಳದಿಯಾಗುತ್ತದೆ, ಕಾಗದವನ್ನು ಬಿಡಿಸುವ ದಾರಿಯನ್ನೂ ಮುಚ್ಚುತ್ತದೆ. ಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ 3 ಮಿಲಿಮೀಟರ್ ಅಂತರ ಬಿಡಲು ಹೇಳಿ, ಹಿಂದೆ ಬೂದು ರಟ್ಟು ಹಾಕದಂತೆಯೂ ಹೇಳಿ. ಬಿಸಿಲು ಬೀಳುವ ಗೋಡೆ, ಅಡುಗೆಮನೆ ಮತ್ತು ಬಚ್ಚಲಿನ ಪಕ್ಕದ ಗೋಡೆ ಬೇಡ. ಕಟ್ಟು ಮುಚ್ಚುವ ಮೊದಲು ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಯಾವ ತುಣುಕು ಯಾವ ಪುಸ್ತಕದ್ದು, ಎಷ್ಟನೆಯ ಮುದ್ರಣ, ಯಾವ ಪುಟ, ಬಳಸಿದ ಅಂಟು ಯಾವುದು ಎಂದು ಬರೆದಿಡಿ. ಮುಂದೆ ಇದನ್ನು ದುರಸ್ತಿ ಮಾಡುವವರು ಮೊದಲು ಹುಡುಕುವುದು ಅಂಟಿನ ಹೆಸರನ್ನು.